ತಿದ್ದಿಕೊಳ್ಳಬಲ್ಲ ಎಡಿಟರ್ ಯಾರಿಗೆ ಬೇಕು?

ಪ್ರೋಗ್ರಾಮಿಂಗ್ ಕಲಿಯುವವರು ಎಡಿಟರಿನ ಬಣ್ಣ, ಫಾಂಟು, ವಾಲ್‌ಪೇಪರ್ ಬದಲಿಸುವುದರಲ್ಲೇ ಕಾಲ ಕಳೆಯುತ್ತಾರೆಂಬ ದೂರಿನಲ್ಲಿ ಹುರುಳಿದೆ. ವಿಎಸ್ ಕೋಡ್ ಹಾಕಿಕೊಂಡ ಕೂಡಲೇ ಕೆಲಸ ಶುರುಮಾಡಬಹುದು. ಹಾಗಿರುವಾಗ, 1985ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಹೊರತಂದ ಗ್ನೂ ಇಮ್ಯಾಕ್ಸ್ ಎಂಬ ಎಡಿಟರನ್ನು ಹೊಸಪೇಟೆಯ ಎಂಜಿನಿಯರಿಂಗ್ ವಿದ್ಯಾರ್ಥಿ ಇವತ್ತು ಏಕೆ ಕಲಿಯಬೇಕು?

ಅಂದಕ್ಕಾಗಿಯಾದರೆ ಬೇಡವೇ ಬೇಡ. ಸಿದ್ಧ ಸಾಧನ ನಮ್ಮನ್ನು ಮರೆತಿರುವ ಕಡೆ ಮಾತ್ರ ಅದು ಬೇಕು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅಂಥ ಜಾಗಗಳು ಬೇಗ ಎದುರಾಗುತ್ತವೆ.

ಸಂಡೂರು, ಕಂಪ್ಲಿ, ಹೊಸಪೇಟೆ ತಾಲ್ಲೂಕುಗಳ ಊರುಗಳ ಪಟ್ಟಿಯೊಂದನ್ನು ಪೈಥಾನಿನಲ್ಲಿ ವಿಂಗಡಿಸಬೇಕು ಎನ್ನಿ. 'ಹೊಸಪೇಟೆ' ಎಂದು ಹುಡುಕಿದರೆ ಕೆಲವು ಸಾಲು ಸಿಗದೇ ಹೋಗಬಹುದು, ಕಣ್ಣೆದುರಿಗೇ ಇದ್ದರೂ. ಯೂನಿಕೋಡಿನಲ್ಲಿ 'ಹೊ'ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎರಡಾಗಿ ಬಿಡಿಸಿಯೂ ಬರೆಯಬಹುದು. 'ಪೇ'ಯದೂ ಅದೇ ಕಥೆ. ಹೀಗೆ ಒಂದೇ ಊರಿನ ಹೆಸರಿಗೆ ನಾಲ್ಕು ರೂಪ. ತೆರೆಯ ಮೇಲೆ ನಾಲ್ಕೂ ಒಂದೇ, ಪೈಥಾನಿಗೆ ನಾಲ್ಕೂ ಬೇರೆ. ಇಮ್ಯಾಕ್ಸಿನಲ್ಲಿ ಅಕ್ಷರದ ಮೇಲೆ ಕರ್ಸರ್ ಇಟ್ಟು ಕೇಳಿದರೆ ಒಳಗಿನ ಸಂಕೇತಗಳನ್ನು ತೋರಿಸುತ್ತದೆ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಫಂಕ್ಷನ್ ಅದರಲ್ಲೇ ಇದೆ. ಫೈಲ್ ಸೇವ್ ಆಗುವ ಮುನ್ನ ಅದು ತಾನೇ ಓಡುವಂತೆ ಮಾಡಲು ಇಮ್ಯಾಕ್ಸಿನ ಭಾಷೆಯಾದ ಲಿಸ್ಪಿನ ಎರಡು ಮೂರು ಸಾಲು ಸಾಕು. ವಿಎಸ್ ಕೋಡಿಗೂ ಎಕ್ಸ್‌ಟೆನ್ಷನ್ ಬರೆಯಬಹುದು, ನಿಜ. ಆದರೆ ಅದಕ್ಕೆ ಬೇರೆಯೇ ಪ್ಯಾಕೇಜ್ ಕಟ್ಟಬೇಕು. ಇಮ್ಯಾಕ್ಸಿನಲ್ಲಾದರೆ ಬರೆಯುತ್ತಿರುವ ಜಾಗದಲ್ಲೇ ಸಾಲು ಬರೆದು, ಅಲ್ಲೇ ಓಡಿಸಿ ನೋಡಬಹುದು.

ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ ಕಡೆ ಶಾಸನ ಓದುವವರಿಗೆ ಱ, ೞ ಎಂಬ ಹಳಗನ್ನಡದ ಅಕ್ಷರಗಳು ಬೇಕು. ಅವಕ್ಕೆ ಬೇಕಾದ ಕೀಲಿಯನ್ನು ಇಮ್ಯಾಕ್ಸಿನಲ್ಲಿ ನಾವೇ ಗೊತ್ತುಮಾಡಿಕೊಳ್ಳಬಹುದು.

ಎಡಿಟರ್ ಓಡುವ ಲಿನಕ್ಸ್ ಡೆಸ್ಕ್‌ಟಾಪಿನ ವಿಷಯದಲ್ಲಿ ಇಷ್ಟು ಚರ್ಚೆ ಬೇಕಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಎಕ್ಸ್‌ಎಫ್‌ಸಿಇಯಂಥ ಹಗುರವಾದದ್ದು ಸಾಕು. ಇಮ್ಯಾಕ್ಸನ್ನು ಮಾತ್ರ ಟರ್ಮಿನಲ್ಲಿನೊಳಗೆ ತೆರೆಯದಿರುವುದು ಒಳ್ಳೆಯದು: ಟರ್ಮಿನಲ್ ಅಕ್ಷರಗಳನ್ನು ಒಂದೇ ಅಳತೆಯ ಚೌಕಗಳಲ್ಲಿ ಕೂರಿಸುತ್ತದೆ, 'ಕಂಪ್ಲಿ'ಯ ಒತ್ತು ಅಲ್ಲಿ ಚದುರಿಹೋಗುತ್ತದೆ. ಇಮ್ಯಾಕ್ಸಿನದೇ ವಿಂಡೋದಲ್ಲಿ, 2020ರ 27ನೇ ಆವೃತ್ತಿಯಿಂದ, ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡುತ್ತದೆ.

ನನ್ನ ತಕರಾರು ಇರುವುದು ಯಾರದೋ ಸಾವಿರ ಸಾಲಿನ ಇಮ್ಯಾಕ್ಸ್ ಸೆಟ್ಟಿಂಗ್ ಫೈಲನ್ನು ಹಾಗೇ ಇಳಿಸಿಕೊಳ್ಳುವವರ ಬಗ್ಗೆ. ಅವರಿಗೆ ಸಿಗುವುದೂ ಸಿದ್ಧ ಸಾಧನವೇ. ಕೆಟ್ಟರೆ ರಿಪೇರಿ ಮಾಡಲು ಕಂಪನಿಯೂ ಇಲ್ಲ, ತಮಗೂ ಬರುವುದಿಲ್ಲ. ಅದಕ್ಕಿಂತ ವಿಎಸ್ ಕೋಡೇ ವಾಸಿ.