ದುಡಿಮೆಯ ಅಳತೆ: ಹೆಜ್ಜೆಯಲ್ಲೋ, ಕಾಯಿಯಲ್ಲೋ

ಸ್ನಾಯುಗಳು ಕದಲಿ ಮೈಯ ಶಕ್ತಿ ಖರ್ಚಾಗುವ ಯಾವುದೇ ಕೆಲಸ ದೈಹಿಕ ಚಟುವಟಿಕೆಯೇ. ಬೆಳಗಿನ ವಾಯುವಿಹಾರವೂ ಅದೇ, ಕೊಟ್ಟಿಗೆಯ ಸಗಣಿ ಬಾಚುವುದೂ ಅದೇ. ಶರೀರಶಾಸ್ತ್ರ ಇವೆರಡರ ನಡುವೆ ಭೇದ ಮಾಡುವುದಿಲ್ಲ. ಅಳೆಯಲು ಹೊರಟಾಗ ಮಾತ್ರ ಮೊದಲನೆಯದು ಸುಲಭವಾಗಿ ಲೆಕ್ಕಕ್ಕೆ ಸಿಗುತ್ತದೆ, ಎರಡನೆಯದು ಜಾರಿಹೋಗುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆಯಂಥ ತೆಂಗಿನ ಸೀಮೆಯಲ್ಲಿ ಹೀಗೆ ಜಾರಿಹೋಗುವ ಪಾಲೇ ದೊಡ್ಡದು.

ಅಳತೆಗೆ ಮೊದಲು ಒಂದು ಮಾನ ಬೇಕು. ಸುಮ್ಮನೆ ಕುಳಿತಾಗ ಮೈ ಬಳಸುವ ಶಕ್ತಿಯನ್ನು ಒಂದು ‘ಮೆಟ್’ ಎಂದು ಹಿಡಿಯಲಾಗುತ್ತದೆ; ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕಿಲೋ ಕ್ಯಾಲೊರಿ. ಸಾಧಾರಣ ನಡಿಗೆ ಮೂರು ಮೆಟ್‌ಗಿಂತ ತುಸು ಹೆಚ್ಚು. ಇಡೀ ದಿನದ ಖರ್ಚನ್ನು ಹೇಳಲು ಇನ್ನೊಂದು ಮಾನವಿದೆ. ಉಸಿರಾಟ, ರಕ್ತಚಲನೆಯಂಥ ಜೀವಾಧಾರ ಕ್ರಿಯೆಗಳಿಗೆ ಬೇಕಾದ ಶಕ್ತಿಯ ಎಷ್ಟು ಪಟ್ಟು ಒಟ್ಟು ಖರ್ಚಾಯಿತು ಎಂಬ ಲೆಕ್ಕ ಅದು. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 1.40ರಿಂದ 1.69ರವರೆಗೆ ಹಗುರ, 1.70ರಿಂದ 1.99ರವರೆಗೆ ಮಧ್ಯಮ, 2.00ರಿಂದ 2.40ರವರೆಗೆ ಬಿರುಸಿನ ಬದುಕು ಎಂದು ವಿಂಗಡಿಸಿದ್ದಾರೆ. ಇದು ಬರಿಯ ಪುಸ್ತಕದ ವಿಂಗಡಣೆಯಲ್ಲ, ಊಟದ ತಟ್ಟೆಗೂ ನಂಟಿರುವಂಥದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೊರಡಿಸಿದ ಶಿಫಾರಸಿನ ಪ್ರಕಾರ, 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ 2,110 ಕಿಲೋ ಕ್ಯಾಲೊರಿ ಸಾಕು, ಕಷ್ಟದ ದುಡಿಮೆಯವನಾದರೆ 3,470 ಬೇಕು. ಒಬ್ಬನನ್ನು ತಪ್ಪಾದ ಗುಂಪಿಗೆ ಸೇರಿಸಿದರೆ ಆಗುವ ವ್ಯತ್ಯಾಸ ದಿನಕ್ಕೆ 1,360 ಕಿಲೋ ಕ್ಯಾಲೊರಿ.

ಈ ಖರ್ಚನ್ನು ಅತ್ಯಂತ ನಿಖರವಾಗಿ ಹೇಳುವ ವಿಧಾನ ನೀರಿನದು. ಭಾರದ ಹೈಡ್ರೋಜನ್ ಮತ್ತು ಭಾರದ ಆಮ್ಲಜನಕ ಬೆರೆಸಿದ ನೀರನ್ನು ಕುಡಿಸಿ, ಒಂದೆರಡು ವಾರ ಮೂತ್ರ ಪರೀಕ್ಷಿಸಲಾಗುತ್ತದೆ. ಹೈಡ್ರೋಜನ್ ನೀರಾಗಿ ಮಾತ್ರ ಹೊರಬರುತ್ತದೆ. ಆಮ್ಲಜನಕ ನೀರಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಹೊರಬರುತ್ತದೆ. ಎರಡರ ಅಂತರದಿಂದ ಮೈ ಎಷ್ಟು ಶಕ್ತಿ ಉರಿಸಿತು ಎಂದು ತಿಳಿಯುತ್ತದೆ. ನೇತನ್ ಲಿಫ್ಸನ್ 1955ರಲ್ಲಿ ಪ್ರಾಣಿಗಳ ಮೇಲೆ ತೋರಿಸಿದ ಈ ವಿಧಾನ 1982ರಲ್ಲಿ ಮನುಷ್ಯರಿಗೆ ಅನ್ವಯವಾಯಿತು. ಆದರೆ ಅದು ದುಬಾರಿ. ಅಲ್ಲದೆ ಅದು ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ. ಆ ಶಕ್ತಿ ಮಟ್ಟೆ ಸುಲಿಯಲು ಹೋಯಿತೋ, ನೀರು ಹೊರಲು ಹೋಯಿತೋ ಎಂಬುದನ್ನು ಹೇಳುವುದಿಲ್ಲ.

ಸಾಮಾನ್ಯರ ಕೈಗೆ ಬಂದಿರುವ ಸಾಧನ ಹೆಜ್ಜೆಯ ಎಣಿಕೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಪ್ರಸಿದ್ಧ ಗುರಿ ಹುಟ್ಟಿದ್ದು ಪ್ರಯೋಗಾಲಯದಲ್ಲಿ ಅಲ್ಲ, 1965ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ‘ಮಾನ್ಪೊಕೆಯ್’ ಎಂಬ ಸಾಧನದ ಹೆಸರಿನಲ್ಲಿ. ಆ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ನಡೆಯುವವರಿಗೆ ಈ ಸಾಧನ ಒಳ್ಳೆಯದೇ. ಕಾಯಿ ಸುಲಿಯುವವರಿಗೆ ಅದು ಅನ್ಯಾಯ ಮಾಡುತ್ತದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಕುಕ್ಕಿ, ತಿರುಚಿ, ಮಟ್ಟೆ ಬಿಡಿಸುವ ಮನುಷ್ಯ ಹೊತ್ತು ಏರುವವರೆಗೂ ನಿಂತ ಜಾಗ ಬಿಡುವುದಿಲ್ಲ. ಭುಜ, ಬೆನ್ನು, ಸೊಂಟಗಳೆಲ್ಲ ದುಡಿಯುತ್ತವೆ, ಬೆವರು ಇಳಿಯುತ್ತದೆ, ಸೊಂಟದ ಯಂತ್ರ ಮಾತ್ರ ಅವನು ವಿಶ್ರಾಂತಿಯಲ್ಲಿದ್ದಾನೆ ಎನ್ನುತ್ತದೆ. ಯಂತ್ರವನ್ನು ಮಣಿಕಟ್ಟಿಗೆ ಕಟ್ಟಿದರೆ ಕೈಯ ಚಲನೆ ದಾಖಲಾಗುತ್ತದೆ, ಆದರೆ ಕೈಯಲ್ಲಿರುವ ಭಾರ ದಾಖಲಾಗುವುದಿಲ್ಲ. ತಲೆಯ ಮೇಲೆ ಕಾಯಿಯ ಚೀಲ ಹೊತ್ತು ನಡೆದ ನೂರು ಹೆಜ್ಜೆಯೂ ಬರಿಗೈಯಲ್ಲಿ ನಡೆದ ನೂರು ಹೆಜ್ಜೆಯೂ ಅದಕ್ಕೆ ಒಂದೇ. ನಾಡಿಬಡಿತ ಎಣಿಸುವ ಸಾಧನಕ್ಕೆ ಬೇರೆ ತೊಡಕು: ಬೇಸಿಗೆಯ ಬಿಸಿಲೂ ಮರದ ತುದಿಯ ಭಯವೂ ಬಡಿತವನ್ನು ಏರಿಸುತ್ತವೆ.

ಹಾಗಾಗಿ ದೊಡ್ಡ ಸಮೀಕ್ಷೆಗಳು ಕೇಳಿ ತಿಳಿಯುವ ದಾರಿ ಹಿಡಿದಿವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ ಕೆಲಸ, ಓಡಾಟ, ಬಿಡುವಿನ ಆಟ ವ್ಯಾಯಾಮಗಳನ್ನು ಬೇರೆ ಬೇರೆಯಾಗಿ ವಿಚಾರಿಸುತ್ತದೆ. ಮಧ್ಯಮ ಕೆಲಸದ ನಿಮಿಷಗಳನ್ನು ನಾಲ್ಕರಿಂದ, ಬಿರುಸಿನ ಕೆಲಸದ ನಿಮಿಷಗಳನ್ನು ಎಂಟರಿಂದ ಗುಣಿಸಿ, ವಾರಕ್ಕೆ 600 ಮುಟ್ಟಿದವರನ್ನು ಸಾಕಷ್ಟು ಚಟುವಟಿಕೆಯುಳ್ಳವರೆಂದು ಎಣಿಸುತ್ತದೆ. ತಿಪಟೂರಿನ ಕಚೇರಿಯ ನೌಕರನೊಬ್ಬ ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆದರೆ ಸರಿಯಾಗಿ 600. ದಿನಕ್ಕೆ ಐದು ಗಂಟೆಯಂತೆ ಆರು ದಿನ ಕಾಯಿ ಸುಲಿದವನಿಗೆ ಮಧ್ಯಮ ಎಂದು ಹಿಡಿದರೆ 7,200, ಬಿರುಸು ಎಂದು ಹಿಡಿದರೆ 14,400. ಕೆಲಸವನ್ನು ಯಾವ ಮಾತಿನಲ್ಲಿ ಕರೆಯುತ್ತಾರೆ ಎಂಬುದರ ಮೇಲೆಯೇ ಲೆಕ್ಕ ಇಮ್ಮಡಿಯಾಗುತ್ತದೆ. ಹುಟ್ಟಿದಾಗಿನಿಂದ ಈ ದುಡಿಮೆ ಕಂಡವನು ಅದನ್ನು ಬಿರುಸು ಎಂದು ಹೇಳದೆಯೂ ಇರಬಹುದು.

ಹೆಂಗಸರ ವಿಷಯದಲ್ಲಿ ತಪ್ಪು ಇನ್ನೂ ಆಳವಾದದ್ದು. ‘ಏನು ಕೆಲಸ ಮಾಡ್ತೀಯಮ್ಮ’ ಎಂದರೆ ‘ಏನಿಲ್ಲ, ಮನೇಲೇ ಇರ್ತೀನಿ’ ಎಂಬ ಉತ್ತರ ಎಲ್ಲ ಊರಿನಲ್ಲೂ ಸಿಗುತ್ತದೆ. ಅಂಗಳ ಗುಡಿಸುವುದು, ಮುದ್ದೆ ತೊಳಸುವುದು, ದನಕ್ಕೆ ಹುಲ್ಲು ತರುವುದು, ಕೊಬ್ಬರಿಯ ಕಾಲದಲ್ಲಿ ಚಿಪ್ಪು ಬಿಡಿಸಲು ಕೂರುವುದು ಆ ‘ಏನಿಲ್ಲ’ದೊಳಗೇ ಅಡಗಿವೆ. ಭಾರತದ 2019ರ ಸಮಯ ಬಳಕೆ ಸಮೀಕ್ಷೆ ದಿನವನ್ನು ಬೆಳಗಿನ ನಾಲ್ಕರಿಂದ ಅರ್ಧರ್ಧ ಗಂಟೆಯಾಗಿ ಒಡೆದು ಕೇಳಿತು. ಆಗ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಸಂಬಳವಿಲ್ಲದೆ ಮನೆಗಾಗಿ ದುಡಿಯುವುದು ಕಂಡಿತು. ಇದೆಲ್ಲವೂ ಬೆವರಿಳಿಸುವ ಕೆಲಸವಲ್ಲ ಎಂಬುದು ನಿಜ. ಆದರೂ 2024ರಲ್ಲಿ ಪ್ರಕಟವಾದ ಅಂದಾಜು 2022ರ ಭಾರತದಲ್ಲಿ ಶೇ. 57ರಷ್ಟು ಹೆಂಗಸರಿಗೂ ಶೇ. 42ರಷ್ಟು ಗಂಡಸರಿಗೂ ಚಟುವಟಿಕೆ ಸಾಲದು ಎಂದಾಗ, ಆ ಅಂತರದಲ್ಲಿ ಪ್ರಶ್ನೆ ಕೇಳಿದ ರೀತಿಯ ಪಾಲೆಷ್ಟು ಎಂದು ವಿಚಾರಿಸಲೇಬೇಕು. ಒಂದೇ ಸಮನೆ ಹತ್ತು ನಿಮಿಷ ಮಾಡಿದ್ದನ್ನು ಮಾತ್ರ ಎಣಿಸುವ ಹಳೆಯ ಕಟ್ಟಳೆ, ನಡುನಡುವೆ ತುಂಡಾಗುವ ಮನೆಗೆಲಸವನ್ನು ಅಳಿಸಿಹಾಕುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಆ ಕಟ್ಟಳೆಯನ್ನು ಕೈಬಿಟ್ಟಿತು.

ಇಲ್ಲಿನ ಕೆಲಸವನ್ನು ಇಲ್ಲಿನ ಪಟ್ಟಿಯಿಂದಲೇ ಅಳೆಯಬೇಕೆಂಬ ಅರಿವು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಮಾರಿಯೋ ವಾಜ್ ಮತ್ತು ಸಂಗಡಿಗರು 2000ದ ಹೊತ್ತಿಗೆ ನಗರದ ಮಧ್ಯಮವರ್ಗದವರಿಗಾಗಿ ಪ್ರಶ್ನಾವಳಿ ರೂಪಿಸಿದರು. ವಾಜ್ ಮತ್ತು ಇತರರು 2005ರಲ್ಲಿ ಬಗೆಬಗೆಯ ಕೆಲಸಗಳಿಗೆ ತಗಲುವ ಶಕ್ತಿಯನ್ನು ಒಂದೆಡೆ ಸಂಗ್ರಹಿಸಿ ಪ್ರಕಟಿಸಿದರು. ತೆಂಗಿನ ಸೀಮೆಗೆ ಬೇಕಾದದ್ದು ಇದರ ಮುಂದಿನ ಹೆಜ್ಜೆ. ಕಾಯಿ ಸುಲಿಯುವವನಿಗೆ ನಿಮಿಷದ ಲೆಕ್ಕ ಇರುವುದಿಲ್ಲ, ಕಾಯಿಯ ಲೆಕ್ಕ ಇರುತ್ತದೆ; ಕೂಲಿ ಕಾಯಿಯ ಮೇಲೆ ಸಿಗುವಲ್ಲಿ ಆ ಲೆಕ್ಕ ತಪ್ಪುವುದೂ ಇಲ್ಲ. ‘ನೆನ್ನೆ ಎಷ್ಟು ಕಾಯಿ ಸುಲಿದೆ, ಎಷ್ಟು ಚೀಲ ಅಟ್ಟಕ್ಕೆ ಏರಿಸಿದೆ’ ಎಂದು ಕೇಳಿದರೆ ಗಟ್ಟಿ ಉತ್ತರ ಬರುತ್ತದೆ. ಕೆಲವರಿಗೆ ಮಾತ್ರ ಉಸಿರಿನ ಆಮ್ಲಜನಕ ಅಳೆದು ನೂರು ಕಾಯಿಗೆ ಇಷ್ಟು ಶಕ್ತಿ ಎಂದು ಕಂಡುಕೊಂಡರೆ, ಉಳಿದವರದನ್ನು ಕಾಯಿಯ ಎಣಿಕೆಯಿಂದಲೇ ಅಂದಾಜಿಸಬಹುದು.

ಒಂದು ವಾರದ ಅಳತೆಯನ್ನು ವರ್ಷಕ್ಕೆ ಹಿಗ್ಗಿಸುವುದೂ ಇಲ್ಲಿ ಸಲ್ಲದು. ಉಂಡೆ ಕೊಬ್ಬರಿಗಾಗಿ ಕಾಯಿ ಅಟ್ಟದಲ್ಲಿ ಹತ್ತು ಹನ್ನೆರಡು ತಿಂಗಳು ಕೂರುತ್ತದೆ. ಕೆಡವುವ, ಹೊರುವ, ಸುಲಿಯುವ ದಿನಗಳು ಗುಂಪಾಗಿ ಬಂದು ಹೋಗುತ್ತವೆ. ರಾಗಿ ಕೊಯ್ಲಿನ ವಾರಕ್ಕೂ ಅದರ ಮುಂದಿನ ತಿಂಗಳಿಗೂ ಹೋಲಿಕೆಯಿಲ್ಲ. ಕನಿಷ್ಠ ಒಂದು ಸುಗ್ಗಿಯ ವಾರ, ಒಂದು ಬಿಡುವಿನ ವಾರ ಎರಡನ್ನೂ ನೋಡಬೇಕು.

ರೈತನೆಂದರೆ ಮೈಮುರಿದು ದುಡಿಯುವವನೇ ಎಂದು ಅಳೆಯದೆಯೇ ನಂಬುವುದು ಇನ್ನೊಂದು ತುದಿಯ ತಪ್ಪು. ಪಾತಿಗೆ ನೀರು ಕಟ್ಟುತ್ತಿದ್ದ ಗುದ್ದಲಿಯ ಜಾಗಕ್ಕೆ ಹನಿ ನೀರಾವರಿಯ ಕೊಳವೆ ಬಂದಿದೆ. ತೋಟಕ್ಕೆ ನಡೆಯುತ್ತಿದ್ದವರು ಬೈಕಿನಲ್ಲಿ ಹೋಗುತ್ತಾರೆ. ಸುಲಿಯುವ ಯಂತ್ರ ಬಂದ ಕಡೆ ಆಳು ಕಾಯಿಯನ್ನು ಅದರ ಬಾಯಿಗೆ ಕೊಡುತ್ತಾ ನಿಂತಿರುತ್ತಾನೆ. ಅಲ್ಲಿಯೂ ಕೆಲಸದ ಹೆಸರು ಕಾಯಿ ಸುಲಿಯುವುದೇ, ಎಣಿಕೆ ಮೊದಲಿಗಿಂತ ಹೆಚ್ಚೇ. ಕಾಯಿಗೆ ತಗಲುವ ಶಕ್ತಿ ಮಾತ್ರ ಬೇರೆ. ಆದ್ದರಿಂದ ಎಷ್ಟು ಕಾಯಿ ಎಂಬ ಪ್ರಶ್ನೆಯ ಜೊತೆಗೆ ಕೈಯಲ್ಲೋ ಯಂತ್ರದಲ್ಲೋ ಎಂಬುದನ್ನೂ ಕೇಳಿ, ಎರಡಕ್ಕೂ ಬೇರೆ ಬೇರೆ ಅಂಕಿ ಇಟ್ಟುಕೊಳ್ಳಬೇಕಾಗುತ್ತದೆ.