ಹಳೆಯ ಕೋವಿ ಯಾರ ಸೊತ್ತು?

ಕಾಠ್ಮಂಡುವಿನಲ್ಲಿ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯೊಂದಿದೆ. ನೇಪಾಳವನ್ನಾಳಿದವರ ಆಯುಧಾಗಾರ ಅದು. ನೂರು ನೂರೈವತ್ತು ವರ್ಷಗಳ ಧೂಳು ಹೊತ್ತು ಹತ್ತಾರು ಸಾವಿರ ಸೈನಿಕ ಕೋವಿಗಳು ಅಲ್ಲಿ ರಾಶಿ ಬಿದ್ದಿದ್ದವು. ಬಹಳಷ್ಟು ಬಾಯಿಯ ಕಡೆಯಿಂದ ಮದ್ದುಗುಂಡು ತುಂಬುವ ಹಳೆಯ ಕಾಲದವು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಅವನ್ನು ಸಗಟಾಗಿ ಕೊಂಡು, ತಮ್ಮ ದೇಶಕ್ಕೆ ಸಾಗಿಸಿ, ಒಂದೊಂದಾಗಿ ಸಂಗ್ರಾಹಕರಿಗೆ ಮಾರಿದರು. ಉಜ್ಜಿ ಹೊಳಪಿಟ್ಟದ್ದಕ್ಕೆ ಒಂದು ಬೆಲೆ. ಕೊಳೆ ಸಹಿತ ಕೊಂಡರೆ ಇನ್ನೊಂದು ಬೆಲೆ. ಹೀಗೆ ಒಂದು ದೇಶದ ನೂರಾರು ವರ್ಷಗಳ ಚರಿತ್ರೆ ಇನ್ನೊಂದು ದೇಶದ ದಿವಾನಖಾನೆಗಳ ಗೋಡೆಗೆ ಹೋಯಿತು.

ರೈತನ ಸಾಲ, ಕೂಲಿಯ ಮಜೂರಿ, ಕುಡಿಯುವ ನೀರು ಇವುಗಳ ಮಾತು ಬಿಟ್ಟು ಶ್ರೀಮಂತರ ಈ ಹವ್ಯಾಸದ ಗೊಡವೆ ನಮ್ಮ ಪತ್ರಿಕೆಗೆ ಏಕೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಆ ಕೋವಿಗಳನ್ನು ಮಾಡಿದವರು ಯಾರು, ಹೊತ್ತವರು ಯಾರು, ಅವುಗಳ ಗುಂಡಿಗೆ ಎದೆ ಕೊಟ್ಟವರು ಯಾರು ಎಂದು ಯೋಚಿಸಿದರೆ ಗೊಡವೆ ನಮ್ಮದೇ ಎಂಬುದು ತಿಳಿದೀತು.

ನೇಪಾಳದಲ್ಲಿ 1846ರಲ್ಲಿ ಜಂಗ್ ಬಹಾದೂರ್ ರಾಣಾ ಅಧಿಕಾರ ಹಿಡಿದನು. ಅವನ ವಂಶದ ದರ್ಬಾರು 1951ರ ತನಕ ನಡೆಯಿತು. ಆ ನಾಡಿನಲ್ಲಿ ‘ಝಾರಾ’ ಎಂಬ ಪದ್ಧತಿ ಇತ್ತು. ನಮ್ಮ ಕಡೆಯ ಬಿಟ್ಟಿ ಬೇಗಾರಿಯೇ ಅದು. ಗುಡ್ಡಗಾಡಿನ ರೈತ ಸರಕಾರದ ಸಾಮಾನನ್ನು ಬೆನ್ನ ಮೇಲೆ ಹೊತ್ತು ಘಟ್ಟ ಏರಿಳಿಯಬೇಕು, ಮಜೂರಿ ಕೇಳುವಂತಿಲ್ಲ. ಸಿಲೇಖಾನೆಯ ಕೋವಿಗಳಲ್ಲಿ ಅನೇಕವು ಇಂಗ್ಲೆಂಡಿನ ಬ್ರನ್ಸ್‌ವಿಕ್, ಎನ್‌ಫೀಲ್ಡ್ ಮಾದರಿಗಳನ್ನು ನೋಡಿ ನೇಪಾಳದ ಕಮ್ಮಟಗಳಲ್ಲಿ ಕೈಯಿಂದಲೇ ಮಾಡಿದವು. ಆ ಕಮ್ಮಾರನ ಹೆಸರು ಯಾವ ಬೆಲೆಪಟ್ಟಿಯಲ್ಲೂ ಇಲ್ಲ.

1857ರ ದಂಗೆಯ ಕಾಲಕ್ಕೆ ಇದೇ ಜಂಗ್ ಬಹಾದೂರ್ ತನ್ನ ಗೂರ್ಖಾ ಪಡೆಯನ್ನು ಕರೆದುಕೊಂಡು ಲಖನೌ ನಗರವನ್ನು ಗೆಲ್ಲಲು ಆಂಗ್ಲರಿಗೆ ನೆರವಾದನು. ಪ್ರತಿಫಲವಾಗಿ 1860ರಲ್ಲಿ ಪಶ್ಚಿಮ ತರಾಯಿಯ ಭೂಮಿ ನೇಪಾಳದ ಗಾದಿಗೆ ಮರಳಿ ಬಂತು. ದೊರೆಗೆ ಭೂಮಿ ದೊರೆಯಿತು. ಸತ್ತ ಅವಧದ ರೈತನಿಗೂ, ಕೊಲ್ಲಹೋಗಿ ಸತ್ತ ಗುಡ್ಡಗಾಡಿನ ರೈತನಿಗೂ ಮಣ್ಣೇ ಗತಿಯಾಯಿತು.

1857 ಎಂದೊಡನೆ ಎನ್‌ಫೀಲ್ಡ್ ಕೋವಿಯ ನೆನಪಾಗದೆ ಇರದು. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಕೊಬ್ಬು ಸವರಿದ ತೋಟಾದ ಕಥೆಯನ್ನು ಹೇಳಿ ಮುಗಿಸುತ್ತಿದ್ದೆವು. ಪುಸ್ತಕದಲ್ಲಿ ಇದ್ದದ್ದು ಅಷ್ಟೇ. ಮುಖ್ಯವಾದ ಕಥೆ ನಳಿಗೆಯ ಒಳಗೇ ಇತ್ತೆಂಬುದು ಆಗ ನಮಗೂ ತಿಳಿದಿರಲಿಲ್ಲ.

1853ರ ಮಾದರಿಯ ಈ ಎನ್‌ಫೀಲ್ಡಿನ ನಳಿಗೆ 39 ಇಂಚು ಉದ್ದ, ರಂಧ್ರ 0.577 ಇಂಚು. ಒಳಗೋಡೆಯಲ್ಲಿ ತಿರುಪಿನಂತೆ ಸುತ್ತಿ ಹೋಗುವ ಮೂರು ಗೆರೆಗಳನ್ನು ಕೊರೆದಿರುತ್ತಾರೆ. ಹೀಗೆ ಗೆರೆ ಕೊರೆದ ಕೋವಿಗೇ ರೈಫಲ್ ಎಂದು ಹೆಸರು. ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಹೋಗುತ್ತದೆ. ನುಣುಪು ನಳಿಗೆಯ ಹಳೆಯ ಕೋವಿಯ ಗುರಿ ನೂರು ಗಜ ದಾಟಿದರೆ ನಂಬುವಂತಿರಲಿಲ್ಲ. ಇದರ ಗುರಿಪಟ್ಟಿಯಲ್ಲಿ ಒಂಬೈನೂರು ಗಜದ ತನಕ ಗುರುತು ಇತ್ತು. ಇದಕ್ಕೆ ಮೊದಲಿನ 1837ರ ಬ್ರನ್ಸ್‌ವಿಕ್ ರೈಫಲಿಗೆ ಎರಡೇ ಗೆರೆ. ಪಟ್ಟಿಯುಳ್ಳ ಗುಂಡನ್ನು ಆ ಗೆರೆಗಳಿಗೆ ಸರಿಯಾಗಿ ಕೂಡಿಸಿ ಗಜದಿಂದ ತಳ್ಳಬೇಕು. ನಾಲ್ಕಾರು ಈಡು ಹಾರಿಸಿದ ಮೇಲೆ ಮಸಿ ಕಟ್ಟಿಕೊಂಡು ಸಿಪಾಯಿಯ ರಟ್ಟೆ ಬೀಳುವಷ್ಟು ಬಲ ಬೇಕಾಗುತ್ತಿತ್ತು. ಎನ್‌ಫೀಲ್ಡ್ ಆ ಕಷ್ಟವನ್ನು ತಪ್ಪಿಸಿತು.

ದಂಗೆ ಅಡಗಿದ ಮೇಲೆ ಆಂಗ್ಲ ಸರಕಾರ ಮಾಡಿದ್ದೇನು? ಭಾರತೀಯ ಸಿಪಾಯಿಗೆ ಕೊಡುವ ಕೋವಿಯ ನಳಿಗೆಯಿಂದ ಆ ಮೂರು ಗೆರೆಗಳನ್ನು ತರೆದು ತೆಗೆಸಿತು. ರಂಧ್ರ ಅಗಲವಾಯಿತು, ಒಳಗೋಡೆ ನುಣುಪಾಯಿತು, ದೂರದ ಗುರಿಪಟ್ಟಿಯ ಬದಲು ಸಾದಾ ಗುರುತು ಬಂತು. ಹೊರಗಿನಿಂದ ನೋಡಿದರೆ ಅದೇ ಎನ್‌ಫೀಲ್ಡ್. ಒಳಗೆ ಅಜ್ಜನ ಕಾಲದ ಕೋವಿ. 1858, 1859ರ ಮಾದರಿಗಳೆಂದು ಸಂಗ್ರಾಹಕರು ಇಂದು ಗುರುತಿಸುವುದು ಇವನ್ನೇ. ಗೋರಾ ಸೋಲ್ಜರನ ಗುಂಡು ಮುಟ್ಟುವ ದೂರವನ್ನು ಕರಿಯ ಸಿಪಾಯಿಯ ಗುಂಡು ಮುಟ್ಟಕೂಡದು, ಇದೇ ನೀತಿ. ಮುಂದೆಯೂ ಹೊಸ ಆಯುಧ ಬಂದಾಗಲೆಲ್ಲ ಗೋರಾ ಪಡೆ ಬಿಟ್ಟ ಹಳತು ನಮ್ಮವರಿಗೆ ಸಿಕ್ಕಿತು. ಜನಾಂಗಭೇದದ ಮೇಲೆ ಬರೆದ ಎಷ್ಟೋ ಭಾಷಣಗಳಿಗಿಂತ ಈ ತರೆದ ನಳಿಗೆ ಹೆಚ್ಚು ಸ್ಪಷ್ಟವಾಗಿ ಮಾತಾಡುತ್ತದೆ. ವ್ಯಾಪಾರಿಯ ಪಟ್ಟಿಯಲ್ಲಾದರೋ ಅದು ‘ನುಣುಪು ನಳಿಗೆ’ ಎಂಬ ಎರಡು ಶಬ್ದ, ಅಷ್ಟೇ.

ಸಿಪಾಯಿಯ ಕೋವಿಯ ಗತಿ ಹೀಗಾದರೆ, ರೈತನ ಕೋವಿಯ ಗತಿ ಏನಾಯಿತೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂತು. ಮುಧೋಳದ ಬಳಿಯ ಹಲಗಲಿಯ ಬೇಡರು ತಮ್ಮ ಆಯುಧ ಒಪ್ಪಿಸಲು ನಿರಾಕರಿಸಿದರು. ನವಂಬರ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿತು. ಜನ ಅದನ್ನು ಲಾವಣಿಯಾಗಿ ಉಳಿಸಿಕೊಂಡರು. ಹಾಡು ಉಳಿಯಿತು. ಆ ಕಾಯಿದೆಯಿಂದ ಊರೂರುಗಳಲ್ಲಿ ಕಸಿದ ಕೋವಿಗಳು ಎಲ್ಲಿ ಹೋದವು? ಅದನ್ನು ಯಾರೂ ಹಾಡಲಿಲ್ಲ. 1878ರ ಶಸ್ತ್ರ ಕಾಯಿದೆ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟು ನಮ್ಮವರಿಗೆ ಪರವಾನಗಿಯ ಬೇಡಿ ತೊಡಿಸಿತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಕ್ಕೊಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿದ್ದು ಈ ಅವಮಾನದ ನೆನಪಿನಿಂದಲೇ.

ಸಂಗ್ರಾಹಕರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ನಳಿಗೆಯ ಮುದ್ರೆ, ಮೊಳೆಯ ಆಕಾರ, ಮರದ ಜಾತಿ ನೋಡಿ ಕೋವಿಯ ಜಾತಕ ಹೇಳಬಲ್ಲ ಪ್ರಾಮಾಣಿಕರು ಅವರಲ್ಲಿ ಇದ್ದಾರೆ. ಸಿಪಾಯಿಯ ನಳಿಗೆಯ ಕಥೆ ಇಂದು ತಿಳಿದಿರುವುದರಲ್ಲಿ ಅವರ ಶ್ರಮವೂ ಇದೆ. ನಮ್ಮ ತಕರಾರು ವ್ಯಾಪಾರದ ಮೇಲೆ. ಸಾವಿರ ಕೋವಿ ಒಂದೆಡೆ ಇದ್ದರೆ ಅದು ದಾಖಲೆ. ಸಾವಿರ ಮನೆಗೆ ಹಂಚಿಹೋದರೆ ಸಾವಿರ ಅಲಂಕಾರ.

ಮಾರಿದವರ ಅಧಿಕಾರವನ್ನೂ ಕೇಳಬೇಕು. ನೇಪಾಳದ ಸಂಸತ್ತನ್ನು 2002ರ ಮೇ ತಿಂಗಳಲ್ಲಿ ವಿಸರ್ಜಿಸಲಾಗಿತ್ತು. ಅದು ಮತ್ತೆ ಕೂಡಿದ್ದು 2006ರಲ್ಲಿ, ಜನ ಬೀದಿಗಿಳಿದ ಮೇಲೆ. ಅಂತರ್ಯುದ್ಧದ ನಡುವೆ, ಜನಪ್ರತಿನಿಧಿಗಳ ಸಭೆಯೇ ಇಲ್ಲದ ಕಾಲದಲ್ಲಿ, ಬಿಟ್ಟಿ ದುಡಿದವರ ಮೊಮ್ಮಕ್ಕಳನ್ನು ಒಂದು ಮಾತೂ ಕೇಳದೆ ಈ ಸೊತ್ತು ದೇಶ ಬಿಟ್ಟಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ನಮ್ಮ ನಾಡು ಈ ಪೆಟ್ಟನ್ನು ಮೊದಲೇ ತಿಂದಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯನ್ನು ಹುದ್ದೆಯ ಪ್ರಕಾರ ಹಂಚಿಕೊಂಡರು. ಟಿಪ್ಪುವಿನ ಆಯುಧಗಳ ಒಂದು ಸಂಗ್ರಹ, ಕೋವಿಗಳೂ ಸೇರಿ, 2015ರಲ್ಲಿ ಲಂಡನ್ನಿನಲ್ಲಿ ಸುಮಾರು 60 ಲಕ್ಷ ಪೌಂಡಿಗೆ ಹರಾಜಾಯಿತು. ಮೈಸೂರು ಸೀಮೆಯ ಕಮ್ಮಾರನ ಕೆಲಸವನ್ನು ನೋಡಬೇಕಾದರೆ ಇಂದು ಪರದೇಶದ ಧನಿಕನ ಬಾಗಿಲು ತಟ್ಟಬೇಕು.

ಈಗ ನಮ್ಮ ಕಾಯಿದೆ ಹೇಗಿದೆ? 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಇದು ಸರಿಯೇ. 1959ರ ಶಸ್ತ್ರ ಕಾಯಿದೆ, ದುರಸ್ತಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. ವಕೀಲರನ್ನಿಟ್ಟುಕೊಳ್ಳುವ ಸಾಹುಕಾರನಿಗೆ ಈ ಗೆರೆ ಎಲ್ಲಿದೆಯೆಂದು ಗೊತ್ತು. ಅಟ್ಟದ ಮೇಲೆ ಮುತ್ತಜ್ಜನ ಕೇಪಿನ ಕೋವಿ ಸಿಕ್ಕ ಬಡ ರೈತನಿಗೆ ಗೊತ್ತಿಲ್ಲ. ಹೆದರಿ ಅವನು ಅದನ್ನು ಗುಜರಿಗೆ ಹಾಕಿದರೆ ತಪ್ಪು ಯಾರದು? ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಂಗ್ಲರ ಕಾಲದಿಂದ ಬಂದ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಕಾಯಿದೆಯು ನೆನಪಿಗೆ ಮರ್ಯಾದೆ ಕೊಡಬಲ್ಲದೆಂಬುದಕ್ಕೆ ಇದು ಸಾಕ್ಷಿ. ಎಲ್ಲರ ಕೈಗೂ ಕೋವಿ ಕೊಡಿರೆಂದು ನಾವು ಕೇಳುತ್ತಿಲ್ಲ. ನೆನಪಿಗೆ ಅದೇ ಮರ್ಯಾದೆ ಮಿಕ್ಕ ಜಿಲ್ಲೆಗಳ ಬಡವನಿಗೂ ಸಲ್ಲಲಿ.

ನಮ್ಮ ಬೇಡಿಕೆ ಮೂರು. ಒಂದು, ಪೋಲೀಸು ಠಾಣೆ, ಖಜಾನೆ, ಹಳೆಯ ಸಂಸ್ಥಾನಗಳ ಅರಮನೆಗಳಲ್ಲಿ ಬಿದ್ದಿರುವ ಹಳೆಯ ಕೋವಿಗಳ ಯಾದಿಯನ್ನು ಜಿಲ್ಲೆಜಿಲ್ಲೆಯಲ್ಲೂ ಮಾಡಿಸಿ ಪ್ರಕಟಿಸಬೇಕು. ಬಲ್ಲವರು ಪರೀಕ್ಷಿಸುವ ತನಕ ಒಂದನ್ನೂ ಕರಗಿಸಬಾರದು, ಹರಾಜು ಹಾಕಬಾರದು. ಎರಡು, ಮನೆಯಲ್ಲಿ ಸಿಕ್ಕ ಪುರಾತನ ಕೋವಿಯನ್ನು ತಾನಾಗಿ ತಂದು ತೋರಿಸಿದವನ ಮೇಲೆ ಮೊಕದ್ದಮೆ ಹೂಡದೆ, ರಸೀತಿ ಕೊಟ್ಟು, ಮನೆತನದ ಹೆಸರು ಬರೆದು ವಸ್ತುಸಂಗ್ರಹಾಲಯಕ್ಕೆ ಸೇರಿಸಬೇಕು. ಮೂರು, ಅವನ್ನು ರಾಜಧಾನಿಯ ಉಗ್ರಾಣಕ್ಕೆ ಒಯ್ಯದೆ, ಆಯಾ ತಾಲೂಕಿನಲ್ಲಿಯೇ ಶಾಲೆಯ ಮಕ್ಕಳು ನೋಡುವಂತೆ ಇಡಬೇಕು.

ನಮ್ಮ ಶಾಖೆಗಳು ಈ ವಿಷಯವಾಗಿ ತಾಲೂಕು ಕಚೇರಿಗಳಿಗೆ ಮನವಿ ಸಲ್ಲಿಸಲಿ. ಖರ್ಚು ದೊಡ್ಡದಲ್ಲ. ಗೆರೆ ತರೆದ ಒಂದು ನಳಿಗೆಯೊಳಗೆ ಬೆರಳಿಟ್ಟು ನೋಡಿದ ಹುಡುಗನಿಗೆ ದಾಸ್ಯ ಎಂದರೇನೆಂದು ಮಾಸ್ತರು ಮತ್ತೆ ವಿವರಿಸಬೇಕಾಗುವುದಿಲ್ಲ.