ಪಟ್ಟೆ ಕಲ್ಲು, ತಾತನ ತಪ್ಪು

ಮಕ್ಕಳೇ, ಈ ವಾರ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ.

ಚನ್ನಪಟ್ಟಣದ ನೆಂಟರ ತೋಟದ ಬದುವಿನಲ್ಲಿ ಮೊಮ್ಮಗನಿಗೆ ಬಿಳಿ, ಬೂದು ಪಟ್ಟೆಗಳ ಕಲ್ಲು ಸಿಕ್ಕಿತು. "ತಾತ, ಇದೇನು?" ಎಂದ. "ಅಗೇಟ್ ಕಣೋ, ಬೆಲೆಬಾಳುತ್ತೆ" ಎಂದುಬಿಟ್ಟೆ. ಶಾಲೆಗೆ ಒಯ್ದವನು ಸಂಜೆ ಮುಖ ಬಾಡಿಸಿಕೊಂಡು ಬಂದ. "ಮಿಸ್ ಅಲ್ಲ ಅಂದ್ರು. ಎಲ್ಲರೂ ನಕ್ಕರು. ನಮ್ಮ ತಾತ ಸುಳ್ಳು ಹೇಳಲ್ಲ ಅಂತ ಜಗಳ ಆಡಿದೆ."

ಮನಸ್ಸಿಗೆ ಚುಚ್ಚಿತು. ಕಲಬುರಗಿಯ ಸಹೋದ್ಯೋಗಿಯೊಬ್ಬರು ಹಿಂದೆ ಕೊಟ್ಟಿದ್ದ ಅಗೇಟ್ ಬಿಲ್ಲೆಯನ್ನು ಬೀರುವಿನಿಂದ ತೆಗೆದೆ. ಎರಡನ್ನೂ ಟಾರ್ಚ್ ಮುಂದೆ ಹಿಡಿದೆವು. ಬಿಲ್ಲೆಯೊಳಗೆ ಬೆಳಕು ಹಾದುಬಂತು. ಮೇಣದಂತೆ ನುಣುಪು, ಒಂದು ಹರಳೂ ಬಿಡಿಯಾಗಿ ಕಾಣದು. ನಮ್ಮ ಕಲ್ಲಿನಲ್ಲಿ ಬೆಳಕು ನುಸುಳಲಿಲ್ಲ. ಹರಳುಗಳು ಬರಿಗಣ್ಣಿಗೇ ಕಂಡವು. ಅದು ನೈಸ್ ಶಿಲೆ. ಭೂಮಿಯಾಳದ ಶಾಖ, ಒತ್ತಡಕ್ಕೆ ಸಿಕ್ಕಿ ಪಟ್ಟೆ ಮೂಡಿದ್ದು.

ಅಗೇಟ್ ಹುಟ್ಟುವ ಬಗೆಯೇ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್‌ನಲ್ಲಿ ಲಾವಾ ಹರಿಯಿತು. ಅದು ಆರುವಾಗ ಅನಿಲದ ಗುಳ್ಳೆಗಳಿದ್ದ ಜಾಗ, ಸೆಟ್ ದೋಸೆಯ ತೂತುಗಳಂತೆ, ಪೊಳ್ಳಾಗಿ ಉಳಿಯಿತು. ಸಿಲಿಕಾ ಕರಗಿದ ನೀರು ಅಲ್ಲಿಗಿಳಿದು, ಅಂಚಿನಿಂದ ನಡುವಿನ ಕಡೆಗೆ ಪದರ ಪದರವಾಗಿ ಸಿಲಿಕಾ ಗಟ್ಟಿಯಾಯಿತು. ಕಬ್ಬಿಣದ ಅಂಶ ಸೇರಿದಲ್ಲಿ ಕೆಂಪು, ಕಂದು. ಮರದ ಉಂಗುರದಂತೆ ಈ ಪಟ್ಟೆ ಎಣಿಸಿ ವರ್ಷ ಹೇಳಲಾಗದು.

ಆ ಲಾವಾ ಬೀದರ್, ಕಲಬುರಗಿ, ವಿಜಯಪುರದ ಕಡೆ ಹರಡಿತು. ನಮ್ಮ ಕಡೆಗೆ ಬರಲಿಲ್ಲ. ರಾಮನಗರ, ಮಾಗಡಿಯ ಬೆಟ್ಟಗಳು ನೆಲದಾಳದಲ್ಲಿ ನಿಧಾನವಾಗಿ ಆರಿದ ಕ್ಲೋಸ್‌ಪೇಟೆ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರದ ಹಳೆಯ ಹೆಸರೇ ಆ ಕಲ್ಲಿಗೆ ಉಳಿದಿದೆ.

ಅಗೇಟ್‌ಗೆ ಸಾಮಾನ್ಯ ಚಾಕುವಿನಿಂದ ಗೀರು ಬೀಳದು. ಗುಜರಾತಿನ ಖಂಭಾತ್‌ನಲ್ಲಿ ಅದರಿಂದ ಮಣಿ ಮಾಡುತ್ತಾರೆ. ಸವೆಯುವುದು ಕಡಿಮೆ, ತುಕ್ಕು ಹಿಡಿಯದು. ಹಾಗಾಗಿ ಪ್ರಯೋಗಾಲಯದ ಹಳೆಯ ತಕ್ಕಡಿಗಳಲ್ಲಿ ದಂಡ ತೂಗುವ ಅಲಗು ಅಗೇಟ್‌ನದೇ. ಅಂಗಡಿಯ ಕಡು ಗುಲಾಬಿ, ಕಡು ನೀಲಿ ಬಿಲ್ಲೆಗಳು ಮಾತ್ರ ಸಾಮಾನ್ಯವಾಗಿ ಬಣ್ಣ ಹಾಕಿದವು.

ಬ್ಯಾಂಕಿನ ಲೆಜರ್‌ನಲ್ಲಿ ತಪ್ಪಾದರೆ ನಾವು ಅಳಿಸುತ್ತಿರಲಿಲ್ಲ. ಗೆರೆ ಎಳೆದು, ಸರಿಯಾದದ್ದು ಬರೆದು, ಸಹಿ ಹಾಕಬೇಕಿತ್ತು. ಮೊಮ್ಮಗನ ನೋಟ್‌ಬುಕ್‌ನಲ್ಲೂ 'ಅಗೇಟ್' ಎಂಬುದರ ಮೇಲೆ ಗೆರೆ ಎಳೆದು 'ನೈಸ್' ಎಂದು ಬರೆದೆ. ಪಕ್ಕದಲ್ಲಿ ಸಹಿ ಹಾಕಿದೆ.

ಅಜ್ಜ ಅಜ್ಜಿಯರೇ, ಗೊತ್ತಿಲ್ಲದಿದ್ದರೆ "ಬಾ, ನೋಡೋಣ" ಅನ್ನಿ. ಮರುದಿನ ಎರಡು ಕಲ್ಲುಗಳೂ ನನ್ನ ಟಾರ್ಚೂ ಅವನ ಜೊತೆ ಶಾಲೆಗೆ ಹೋದವು.